ನೆರಳು ಉಳಿಸಿಕೊಂಡವರ ಹತ್ತಿರವೇ ಪುರಾವೆ ಕೇಳ್ತೀರಲ್ಲ: ಬ್ರಸೆಲ್ಸ್‌ಗೆ ಒಬ್ಬ ಕಾಫಿ ಬೆಳೆಗಾರನ ಬಹಿರಂಗ ಪತ್ರ

ಯುರೋಪಿಯನ್ ಕಮಿಷನ್‌ನ ಪರಿಸರ ಕಮಿಷನರ್ ಯೆಸ್ಸಿಕಾ ರೋಸ್ವಾಲ್ ಅವರಿಗೆ,

ಮೇಡಂ, ನಮಸ್ಕಾರ.

ನಾನು ಹಾಸನ ಜಿಲ್ಲೆಯ ಮಲೆನಾಡು ಭಾಗದ ಒಬ್ಬ ಸಣ್ಣ ಕಾಫಿ ಬೆಳೆಗಾರ. ಸಣ್ಣ ಅಂದರೆ ಆರು ಎಕರೆ. ಜಾಸ್ತಿ ರೊಬಸ್ಟಾ, ಮೇಲಿನ ಏರಿನಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಮೆಣಸಿನ ಬಳ್ಳಿ. ನಿಮ್ಮ ಅರಣ್ಯನಾಶ ತಡೆ ಕಾನೂನಿನ ಬಗ್ಗೆ ಬರೆಯುತ್ತಿದ್ದೇನೆ. ಇಯುಡಿಆರ್ ಅನ್ನೋ ಅದರ ಚಿಕ್ಕ ಹೆಸರು ಈಗ ನಮ್ಮೂರ ಗೊಬ್ಬರದ ಅಂಗಡಿಯಲ್ಲೂ ಕೇಳಿಬರುತ್ತದೆ. ಕೇಳಿದವರಲ್ಲಿ ಅರ್ಧ ಜನಕ್ಕೆ ಅದೇನು ಅಂತ ಗೊತ್ತಿಲ್ಲ, ಗೊತ್ತಿರೋ ಅರ್ಧ ಜನಕ್ಕೆ ಸಿಟ್ಟು. ನನಗೆ ಸಿಟ್ಟಿಗಿಂತ ಜಾಸ್ತಿ ಪ್ರಶ್ನೆಗಳಿವೆ. ಕನ್ನಡದಲ್ಲೇ ಬರೆದಿದ್ದೇನೆ, ಯಾಕಂದರೆ ನಮ್ಮ ಕಡೆಯವರೂ ಇದನ್ನು ಓದಬೇಕು. ನಿಮಗೆ ಓದಿ ಹೇಳೋರು ದಿಲ್ಲಿಯಲ್ಲೋ ಬೆಂಗಳೂರಲ್ಲೋ ಯಾರಾದರೂ ಸಿಕ್ಕೇ ಸಿಗ್ತಾರೆ.

ಮೊದಲು ನಮ್ಮವರಿಗಾಗಿ ನಾಲ್ಕು ಮಾತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಈ ಕಾನೂನು ಹೇಳೋದು ಇಷ್ಟು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಮಾಲು ಮತ್ತು ಇವುಗಳಿಂದ ಮಾಡಿದ ಹಲವು ಪದಾರ್ಥಗಳು ಯುರೋಪಿನ ಮಾರುಕಟ್ಟೆಗೆ ಬರಬೇಕಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಬೆಳೆದ ದೇಶದ ಕಾನೂನಿಗೂ ಸರಿಯಾಗಿರಬೇಕು. ಯಾವ ಜಾಗದಲ್ಲಿ ಬೆಳೆಯಿತು ಅಂತ ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. ತೋಟ 4 ಹೆಕ್ಟೇರ್‌ಗಿಂತ ದೊಡ್ಡದಿದ್ದರೆ, ಅಂದರೆ ಸುಮಾರು ಹತ್ತು ಎಕರೆ ದಾಟಿದರೆ, ಗಡಿ ಸುತ್ತ ಗೆರೆ ಎಳೆದ ನಕ್ಷೆ ಬೇಕು. ಚಿಕ್ಕದಿದ್ದರೆ ಒಂದು ಬಿಂದು ಸಾಕು. ಕಾನೂನಿನಲ್ಲಿ ಹೊಣೆ ಇರೋದು ಯುರೋಪಿಗೆ ಮಾಲು ತರಿಸಿಕೊಳ್ಳೋ ಕಂಪನಿಯ ಮೇಲೆ. ತಪ್ಪಿದರೆ ದಂಡ ಅದಕ್ಕೇ. ಆದರೆ ದಂಡದ ಹೆದರಿಕೆ ಆಮದುದಾರನಿಂದ ರಫ್ತುದಾರನಿಗೆ, ರಫ್ತುದಾರನಿಂದ ಕಾಫಿ ಸಿಪ್ಪೆ ಬಿಡಿಸಿ ಹಸನು ಮಾಡೋ ಕ್ಯೂರಿಂಗ್‌ನವರಿಗೆ, ಅಲ್ಲಿಂದ ಊರಿನ ವ್ಯಾಪಾರಿಗೆ, ಕೊನೆಗೆ ನನ್ನ ಕಣದ ತನಕ ಇಳಿದು ಬರುತ್ತದೆ. ನನ್ನ ಕೆಳಗೆ ಯಾರೂ ಇಲ್ಲ. ಹಾಗಾಗಿ ಅಲ್ಲೇ ನಿಲ್ಲುತ್ತದೆ.

ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. 1990ರಿಂದ 2020ರ ನಡುವೆ ಪ್ರಪಂಚದಲ್ಲಿ 42 ಕೋಟಿ ಹೆಕ್ಟೇರ್ ಕಾಡು ಹೋಗಿದೆ ಅನ್ನೋದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ. ಹೆಚ್ಚುಕಡಿಮೆ ನಿಮ್ಮ ಇಡೀ ಒಕ್ಕೂಟದಷ್ಟು ಜಾಗ ಅದು. ಇದರಲ್ಲಿ ಸುಮಾರು ಶೇ 10ರಷ್ಟು ಯುರೋಪಿನವರು ತಿಂದು ಬಳಸೋದರಿಂದ ಆಗುತ್ತಿದೆ ಅಂತ ನೀವೇ ಲೆಕ್ಕ ಹಾಕಿ ಒಪ್ಪಿಕೊಂಡಿದ್ದೀರಿ. ಶ್ರೀಮಂತ ದೇಶಗಳು ಇಂಥ ಮಾತು ಬಾಯಿಬಿಟ್ಟು ಹೇಳೋದೇ ಅಪರೂಪ, ಅದಕ್ಕೆ ಮೆಚ್ಚುಗೆ ಇದೆ. ಆ ಲೆಕ್ಕದಲ್ಲೇ ಇನ್ನೊಂದು ಮಾತೂ ಇದೆ. ನಿಮ್ಮ ಪಾಲಿನ ಕಾಡುನಾಶದಲ್ಲಿ ಮೂರನೇ ಎರಡಂಶ ತಾಳೆ ಎಣ್ಣೆ ಮತ್ತು ಸೋಯಾದ್ದು, ಕಾಫಿಯದ್ದು ಶೇ 7. ಆ 7ರಲ್ಲಿ ನಮ್ಮ ಮಲೆನಾಡಿನ ಪಾಲು ಎಷ್ಟಿರಬಹುದು, ನೀವೇ ಯೋಚಿಸಿ. 2025ರ ಮೇ ತಿಂಗಳಲ್ಲಿ ನೀವೇ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಹಾಕಿದ್ದೀರಲ್ಲ.

ಕಾಡು ಹೋದರೆ ಏನಾಗುತ್ತೆ ಅನ್ನೋದಕ್ಕೆ ನಮಗೆ ಪುಸ್ತಕ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ತೋಟ, ಮನೆ, ರಸ್ತೆ ಸಮೇತ ಜಾರಿದ್ದನ್ನು ನೋಡಿದ್ದೇವೆ. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಬೆಳಗಾಗುವುದರೊಳಗೆ ಊರೇ ಇಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಬರಬೇಕಾದಾಗ ಬರಲ್ಲ, ಹಣ್ಣು ಕೊಯ್ದು ಕಣದಲ್ಲಿ ಹರವಿದ ದಿನ ತಪ್ಪದೆ ಬರುತ್ತದೆ. ಹಾಗಾಗಿ "ಪರಿಸರ ಕಾಪಾಡಿ" ಅಂತ ಹೇಳೋಕೆ ಬಂದವರನ್ನು ನಾವು ಬೈದು ಕಳಿಸೋ ಜನ ಅಲ್ಲ.

ತಕರಾರು ಇರೋದು ಕಾಪಾಡೋ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದರಲ್ಲಿ. ನಿಯಮ ಬರೆಯುವಾಗ ನಮ್ಮನ್ನು ಯಾಕೆ ಕರೀಲಿಲ್ಲ ಅನ್ನೋದರಲ್ಲಿ.

ನಿಮ್ಮ ನಿಯಮ ನೆಲದ ಮೇಲೆ ಹೇಗಿರುತ್ತೆ ಅಂತ ಹೇಳ್ತೀನಿ. ನಮ್ಮ ಪಕ್ಕದ ತೋಟದವರದ್ದು ಹನ್ನೆರಡು ಎಕರೆ. ಅವರಿಗೆ ಗಡಿ ಸುತ್ತ ಗೆರೆ ಬೇಕು. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಅವರಿಗೆ ಫೋನಿನಲ್ಲಿ ಇಂಥದ್ದೆಲ್ಲ ಬರಲ್ಲ, ಹಾಗಾಗಿ ನಾನು ಜೊತೆಗೆ ಹೋದೆ. ಬೇಲಿ ಪಕ್ಕದಲ್ಲೇ ಫೋನ್ ಹಿಡಿದು ನಡೆಯೋದು, ತಿರುವಿನಲ್ಲೆಲ್ಲ ನಿಂತು ಒತ್ತೋದು. ಬಯಲಲ್ಲಿ ಇರೋತನಕ ಚೆನ್ನಾಗಿತ್ತು. ಹಳ್ಳದ ಪಕ್ಕ ದೊಡ್ಡ ಅತ್ತಿ ಮರಗಳ ಕೆಳಗೆ ಬಂದ ಕೂಡಲೇ ಪರದೆ ಮೇಲಿನ ನೀಲಿ ಚುಕ್ಕೆ ಹುಚ್ಚು ಹಿಡಿದ ಹಾಗೆ ಓಡಾಡೋಕೆ ಶುರುವಾಯಿತು. ನಾವು ಬಾಂದು ಕಲ್ಲಿನ ಮೇಲೆ ಕಾಲಿಟ್ಟು ನಿಂತಿದ್ದೇವೆ, ಚುಕ್ಕೆ ಹಳ್ಳ ದಾಟಿ ಆಚೆಯವರ ಗದ್ದೆಯಲ್ಲಿದೆ. ಸ್ವಲ್ಪ ಕಾದರೆ ಈಚೆ ಬರುತ್ತೆ, ಮತ್ತೆ ಹೋಗುತ್ತೆ. ಆಚೆ ಗದ್ದೆಯವರು ಬದುವಿನ ಮೇಲೆ ನಿಂತು ನಮ್ಮನ್ನೇ ನೋಡ್ತಿದ್ದರು. ಅವರಿಗೂ ಇವರಿಗೂ ಗಡಿ ವಿಷಯದಲ್ಲಿ ಹಳೇ ವ್ಯಾಜ್ಯ ಬೇರೆ ಇದೆ! ಈ ನಕ್ಷೆ ನಾಳೆ ಯುರೋಪಿನ ಕಂಪ್ಯೂಟರಿನಲ್ಲಿ ಕೂತರೆ ಊರಲ್ಲಿ ಅದು ಇನ್ಯಾವ ಜಗಳಕ್ಕೆ ದಾಖಲೆಯಾಗುತ್ತೋ ಅಂತ ಅವರಿಗೆ ಚಿಂತೆ.

ನಿಮ್ಮ ಕಾನೂನಿನಲ್ಲಿ ಬಿಂದುವಿನ ಲೆಕ್ಕ ಆರು ದಶಮಾಂಶ ಸ್ಥಾನದವರೆಗೆ ಬೇಕು ಅಂತ ಬರೆದಿದೆ. ಆರನೇ ಸ್ಥಾನ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್, ಅರ್ಧ ಗೇಣು. ಮರದ ಕೆಳಗೆ ನಿಂತ ನನ್ನ ಫೋನ್ ಹತ್ತಾರು ಅಡಿ ಆಚೆ ಈಚೆ ಹೇಳುತ್ತದೆ. ಆರು ಅಂಕಿಗಳನ್ನಂತೂ ಅದು ತಪ್ಪದೆ ಬರೆದುಕೊಡುತ್ತದೆ, ಜಾಗ ಮಾತ್ರ ಬೇರೆ ಯಾರದ್ದೋ.

ಇದು ಸಣ್ಣ ವಿಷಯ ಬಿಡಿ, ಒಳ್ಳೆ ಯಂತ್ರ ತಂದರೆ ಸರಿಹೋಗುತ್ತೆ. ನನಗೆ ನಿಜವಾಗಿ ಕಾಡೋದು ಮೇಲಿನಿಂದ ನೋಡೋ ಕಣ್ಣು.

ಪ್ರಪಂಚದ ತುಂಬ ಕಡೆ, ಬ್ರೆಜಿಲ್‌ನಲ್ಲಂತೂ ಹೆಚ್ಚಿನ ಕಡೆ, ಕಾಫಿಯನ್ನು ಬಯಲಲ್ಲಿ ಬಿಸಿಲಿಗೆ ಬೆಳೆಯುತ್ತಾರೆ. ನಮ್ಮದು ಹಾಗಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಯಾವ ತೋಟಕ್ಕೆ ಬಂದರೂ ತಲೆ ಮೇಲೆ ಮರ ಇರುತ್ತದೆ. ನನ್ನ ಆರು ಎಕರೆಯಲ್ಲೇ ಅತ್ತಿ, ಹಲಸು, ನೇರಳೆ, ನಂದಿ, ಹೊನ್ನೆ, ಎರಡು ಬೀಟೆ, ಸಾಲಾಗಿ ಹಾಲವಾಣ, ಮಧ್ಯೆ ಮಧ್ಯೆ ಸಿಲ್ವರ್ ಓಕ್ ಇವೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸ್ತೇವೆ, ಅಂದರೆ ಮೇಲೆ ಹತ್ತಿ ಕೊಂಬೆ ಸವರಿಸಿ ಗಿಡಕ್ಕೆ ಬೆಳಕು ಬಿಡಿಸ್ತೇವೆ. ಆ ಕೆಲಸ ಗೊತ್ತಿರೋ ಆಳು ಸಿಗೋದೇ ಈಗ ಕಷ್ಟ. ಸಿಕ್ಕರೂ ಅವರು ಕೇಳಿದ ಕೂಲಿಗೆ ಎದುರು ಮಾತಾಡೋ ಹಾಗಿಲ್ಲ, ಅಷ್ಟು ಎತ್ತರಕ್ಕೆ ಹತ್ತೋ ಜೀವ ಅವರದ್ದು. ಮರ ಕಡಿದು ಹಾಕಿದರೆ ಈ ಖರ್ಚೂ ಇಲ್ಲ, ಕಾಫಿಯೂ ಕೆಲವು ವರ್ಷ ಜಾಸ್ತಿ ಬರುತ್ತೆ. ಆದರೂ ಇಟ್ಟುಕೊಂಡಿದ್ದೇವೆ. ನೆರಳಿಲ್ಲದಿದ್ದರೆ ಅರೇಬಿಕಾಕ್ಕೆ ಕಾಂಡ ಕೊರೆಯೋ ಬೋರರ್ ಹುಳು ಜಾಸ್ತಿ, ಮಣ್ಣು ಕೊಚ್ಚಿ ಹೋಗುತ್ತೆ, ಬೇಸಿಗೆಯಲ್ಲಿ ಬಾವಿ ಒಣಗುತ್ತೆ. ಪುಣ್ಯಕ್ಕಾಗಿ ಮಾಡಿದ್ದಲ್ಲ, ನಮ್ಮ ಹೊಟ್ಟೆಪಾಡಿಗೇ ಮಾಡಿದ್ದು. ಆದರೆ ಅದರ ಜೊತೆಗೆ ಮಂಗಟ್ಟೆ ಹಕ್ಕಿಯೂ ಉಳಿಯಿತು, ಕೆಂದಳಿಲೂ ಉಳಿಯಿತು. ಆನೆಗಳಂತೂ ನಮ್ಮ ತೋಟಗಳನ್ನು ಕಾಡು ಅಂತಲೇ ತಿಳಿದುಕೊಂಡಿವೆ, ಆ ಕಥೆ ಇನ್ನೊಂದು ಪತ್ರಕ್ಕಾಗುವಷ್ಟಿದೆ.

ಈಗ ಉಪಗ್ರಹದಿಂದ ನೋಡಿ. ಕಾಣೋದು ಹಸಿರು ಕೊಡೆ, ಕೆಳಗಿರೋ ಕಾಫಿ ಕಾಣಲ್ಲ. ನಿಮ್ಮದೇ ಜಂಟಿ ಸಂಶೋಧನಾ ಕೇಂದ್ರ 2020ರ ಕಾಡಿನ ನಕ್ಷೆ ಮಾಡಿದೆ. ಅದರಲ್ಲಿ ನೆರಳಿನ ಕಾಫಿ ತೋಟಗಳು ಕಾಡು ಅಂತ ಬಿದ್ದಿವೆ ಅನ್ನೋ ದೂರು ನಮ್ಮದೊಂದೇ ಅಲ್ಲ, ಬೇರೆ ದೇಶದವರದ್ದೂ ಇದೆ. ಆಮೇಲೆ ತಿದ್ದಿದ ಆವೃತ್ತಿ ತಂದಿದ್ದೀರಿ. ಆ ನಕ್ಷೆಗೆ ಕಾನೂನಿನ ಬಲವಿಲ್ಲ, ಸುಮ್ನೆ ಸಹಾಯಕ್ಕೆ ಅಂತಲೂ ಹೇಳಿದ್ದೀರಿ. ನಿಮ್ಮ ಕಾನೂನಿನ ಅಕ್ಷರವೂ ಸರಿಯಾಗೇ ಇದೆ: ಮರಗಳ ಜೊತೆ ಬೆಳೆ ಬೆಳೆಯೋ ಜಾಗ ಕೃಷಿ ಭೂಮಿ, ಕಾಡಲ್ಲ ಅಂತ. ಆದರೆ ಹ್ಯಾಂಬರ್ಗ್‌ನಲ್ಲೋ ಟ್ರಿಯೆಸ್ಟೆಯಲ್ಲೋ ಕೂತ ಕಂಪನಿಯ ಗುಮಾಸ್ತ ಕಾನೂನಿನ ಅಕ್ಷರ ಓದ್ತಾನಾ, ನಕ್ಷೆಯಲ್ಲಿ ಬಣ್ಣ ನೋಡ್ತಾನಾ? ಕೆಂಪು ಬಂದರೆ ಆ ಚೀಲ ಪಕ್ಕಕ್ಕೆ. ನಮ್ಮಲ್ಲಿ ಒಬ್ಬ 2022ರಲ್ಲಿ ಹತ್ತು ಸಿಲ್ವರ್ ಓಕ್ ಕಡಿದು ಮಗಳ ಮದುವೆ ಮಾಡಿದ್ದರೆ ಅದು ಮೇಲಿನಿಂದ ಕಾಡು ಕಡಿದ ಹಾಗೇ ಕಾಣಬಹುದು. ಆ ಮರ ಅವರ ಅಪ್ಪ ನೆಟ್ಟಿದ್ದು ಅಂತ ಯಾವ ಉಪಗ್ರಹ ಹೇಳುತ್ತೆ?

ಇದರಲ್ಲಿರೋ ಅನ್ಯಾಯ ನೋಡಿ. ಎಂದೋ ಮರವನ್ನೆಲ್ಲ ಕಡಿದು ಬೋಳು ಬಯಲಲ್ಲಿ ಕಾಫಿ ಹಾಕಿದವರ ಜಾಗ ನಿಮ್ಮ ನಕ್ಷೆಯಲ್ಲಿ ನಿಚ್ಚಳವಾಗಿ ಹೊಲ ಅಂತ ಕಾಣುತ್ತದೆ, ಅನುಮಾನವೇ ಇಲ್ಲ. ಮರ ಉಳಿಸಿಕೊಂಡವನ ಮೇಲೆ ಅನುಮಾನ. 2020ರ ಗೆರೆ ಯಾಕೆ ಎಳೆದಿರಿ ಅಂತ ನನಗೆ ಅರ್ಥವಾಗುತ್ತೆ, ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. ಆದರೆ ಆ ಗೆರೆಯ ಹಿಂದೆ ಕಡಿದವರಿಗೆಲ್ಲ, ಯುರೋಪಿನವರೂ ಸೇರಿ, ಮಾಫಿ ಸಿಕ್ಕಿತು. ಉಳಿಸಿದವರಿಗೆ ಏನು ಸಿಕ್ಕಿತು?

ಕಾಗದದ ವಿಷಯಕ್ಕೆ ಬರೋಣ. ಬೆಳೆದ ದೇಶದ ಕಾನೂನಿಗೆ ಸರಿಯಾಗಿರಬೇಕು, ಜಮೀನಿನ ಹಕ್ಕೂ ಅದರಲ್ಲಿ ಸೇರಿದೆ ಅಂತೀರಿ. ನಮ್ಮ ಕಡೆ ಎಷ್ಟೋ ತೋಟಗಳ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ಹೋಗಿ ಕಾಲವಾಯಿತು, ಪೌತಿ ಖಾತೆ ಆಗಿಲ್ಲ. ಅಣ್ಣತಮ್ಮಂದಿರಲ್ಲಿ ಬಾಯಿ ಮಾತಿನ ಪಾಲು ಆಗಿದೆ, ಸರ್ವೆ ಮಾಡಿ ದಾಖಲೆಯಲ್ಲಿ ಬೇರೆ ಮಾಡೋ ಪೋಡಿ ಆಗಿಲ್ಲ. ಒಬ್ಬ ಅತ್ತೆ ಸಹಿ ಹಾಕಲ್ಲ ಅಂತಾರೆ, ಇನ್ನೊಬ್ಬರು ದುಬೈನಲ್ಲಿದ್ದಾರೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನುಗಳದ್ದು ಇನ್ನೊಂದೇ ಲೋಕ, ಅದರ ದಾಖಲೆ ಅರ್ಥ ಮಾಡಿಕೊಳ್ಳೋಕೆ ನಮ್ಮ ವಕೀಲರಿಗೇ ಕಷ್ಟ. ಇದೆಲ್ಲ ನಮ್ಮ ಮನೆಯೊಳಗಿನ ಗೋಜಲು, ನಿಮ್ಮ ತಪ್ಪಲ್ಲ. ಆದರೆ ಕಾಫಿ ಬೆಳೆಯೋ ಎಲ್ಲ ಬಡ ದೇಶಗಳಲ್ಲೂ ಹೀಗೇ ಇದೆ. ಇಥಿಯೋಪಿಯಾದಲ್ಲಿ ಕಾಡಿನೊಳಗೇ ಹುಟ್ಟಿ ಬೆಳೆದ ಕಾಫಿ ಇದೆ. ಅದನ್ನು ಕೊಯ್ದು ತರೋ ಹೆಂಗಸಿನ ಹತ್ತಿರ ಯಾವ ಪಹಣಿ ಕೇಳ್ತೀರಿ?

ಗಡುವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾನೂನು ಮೊದಲು 2024ರ ಡಿಸೆಂಬರ್ 30ಕ್ಕೆ ಅನ್ವಯ ಆಗಬೇಕಿತ್ತು. ಒಂದು ವರ್ಷ ಮುಂದಕ್ಕೆ ಹಾಕಿದಿರಿ. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಕಂಪ್ಯೂಟರ್ ವ್ಯವಸ್ಥೆ ಅಷ್ಟು ಹೊರೆ ತಡೆಯಲ್ಲ ಅಂತ ನೀವೇ ಹೇಳಿದಿರಿ, ಡಿಸೆಂಬರ್‌ನಲ್ಲಿ ಮತ್ತೆ ಮುಂದೂಡಿದಿರಿ. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಬ್ರಸೆಲ್ಸ್‌ನ ಸರ್ವರ್ ತಯಾರಾಗಲಿಲ್ಲ ಅಂತ ಇಡೀ ಪ್ರಪಂಚಕ್ಕೆ ಒಂದು ವರ್ಷ ರಜೆ ಸಿಗುತ್ತೆ. ನಮ್ಮೂರಲ್ಲಿ ಒಬ್ಬನ ಖಾತೆ ತಯಾರಾಗಲಿಲ್ಲ ಅಂದರೆ ಅವನ ಕಾಫಿಗೆ ರಜೆ. ಮುಂದೂಡಿದ್ದು ಒಳ್ಳೆಯದೇ ಆಯಿತು ಅಂತ ಕುಣಿದವರು ನಮ್ಮಲ್ಲೂ ಇದ್ದಾರೆ. ನಾನು ಕುಣಿಯಲಿಲ್ಲ. ಮೊದಲ ಗಡುವಿಗೆ ಅಂತ ಸಾಲ ಮಾಡಿ ತಯಾರಿ ಮಾಡಿಕೊಂಡ ಸಣ್ಣ ರಫ್ತುದಾರರ ಕಥೆ ಏನು?

ಆ ಡಿಸೆಂಬರ್ ತಿದ್ದುಪಡಿಯಲ್ಲಿ ಕೆಲವು ರಿಯಾಯಿತಿಗಳನ್ನೂ ಕೊಟ್ಟಿರಿ. ಓದಿ ನೋಡಿದೆ. ಪುಸ್ತಕ, ಪತ್ರಿಕೆ ಥರದ ಮುದ್ರಿತ ಮಾಲು ಕಾನೂನಿನಿಂದ ಹೊರಗೆ ಹೋಯಿತು. ಮಾಲು ಮೊದಲು ತರಿಸಿಕೊಂಡವನು ಇದು ಕಾಡು ಕಡಿದ ಜಾಗದ್ದಲ್ಲ ಅಂತ ಒಮ್ಮೆ ಘೋಷಣೆ ಕೊಟ್ಟರೆ ಸಾಕು, ಮುಂದಿನ ಅಂಗಡಿಯವರು ಮತ್ತೆ ಕೊಡಬೇಕಿಲ್ಲ. ಕಡಿಮೆ ಅಪಾಯದ ದೇಶಗಳ ಸಣ್ಣ ರೈತರು ಒಂದೇ ಸಲ ಸರಳ ಘೋಷಣೆ ಕೊಟ್ಟರೆ ಆಯಿತು, ಅಕ್ಷಾಂಶ ರೇಖಾಂಶದ ಬದಲು ಅಂಚೆ ವಿಳಾಸವೂ ನಡೆಯುತ್ತೆ. ಇದನ್ನು ಓದಿ ಅಬ್ಬಾ, ನಮಗೂ ಸಿಕ್ಕಿತು ಅಂದುಕೊಂಡೆ. ಭಾರತ ಕಡಿಮೆ ಅಪಾಯದ ದೇಶ, ನಾನು ಸಣ್ಣ ರೈತ, ಇನ್ನೇನು ಬೇಕು? ಆಮೇಲೆ ಷರತ್ತು ಕಂಡಿತು. ತಾನು ಬೆಳೆದದ್ದನ್ನು ತಾನೇ ಯುರೋಪಿನ ಮಾರುಕಟ್ಟೆಗೆ ಹಾಕೋ ರೈತನಿಗೆ ಮಾತ್ರ ಅದು. ಒಂದು ಕಂಟೇನರ್ ತುಂಬಿಸೋಕೆ 18ರಿಂದ 20 ಟನ್ ಕಾಫಿ ಬೇಕು ಮೇಡಂ. ನನ್ನ ತೋಟದಲ್ಲಿ ದೇವರು ಕಣ್ಣು ಬಿಟ್ಟ ವರ್ಷವೂ ಅದರ ಕಾಲು ಭಾಗ ಬರಲ್ಲ. ಬವೇರಿಯಾದಲ್ಲಿ ದನ ಸಾಕಿದವನಿಗೆ, ನಿಮ್ಮ ಸ್ವೀಡನ್ನಿನಲ್ಲಿ ಮರ ಬೆಳೆದವನಿಗೆ ಈ ಬಾಗಿಲು ತೆರೆದಿದೆ, ಅವರು ಮಾರುಕಟ್ಟೆಯ ಒಳಗೇ ಇದ್ದಾರೆ. ನಮಗೆ ಆ ಬಾಗಿಲು ಕಾಗದದ ಮೇಲೆ ತೆರೆದಿದೆ. ಬೇಕಂತಲೇ ಹೀಗೆ ಮಾಡಿದಿರಿ ಅಂತ ನಾನು ಹೇಳಲ್ಲ. ಬರೆಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು, ಯಾರ ದನಿ ಕೇಳಿಸಿತು ಅನ್ನೋದು ಮಾತ್ರ ಗೊತ್ತಾಗುತ್ತೆ.

ನನ್ನ ಕಾಫಿ ಯುರೋಪಿಗೆ ಹೇಗೆ ಹೋಗುತ್ತೆ ಅಂತ ನೋಡಿದರೆ ಕಷ್ಟ ಎಲ್ಲಿದೆ ಅಂತ ತಿಳಿಯುತ್ತೆ. ಕೊಯ್ದ ಹಣ್ಣು ಕಣದಲ್ಲಿ ಒಣಗಿ ಚೆರ್ರಿ ಆಗುತ್ತೆ. ಚೀಲಕ್ಕೆ ತುಂಬಿ ಪಿಕಪ್‌ನಲ್ಲಿ ವ್ಯಾಪಾರಿಯ ಗೋದಾಮಿಗೆ ಹೋಗುತ್ತೆ. ಅವರು ಚೀಲದಿಂದ ಒಂದು ಹಿಡಿ ತೆಗೆದು ತೇವ ನೋಡ್ತಾರೆ, ಸ್ವಲ್ಪ ಮಾಲು ಸಿಪ್ಪೆ ಬಿಡಿಸಿ ಬೀಜ ತೂಗಿ ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತೆ ಅಂತ, ನೋಡ್ತಾರೆ. ಐವತ್ತು ಕೆಜಿ ಚೀಲಕ್ಕೆ ಇಪ್ಪತ್ತಾರು ಬರುತ್ತೋ ಇಪ್ಪತ್ತೇಳೋ ಅಂತ ಅಲ್ಲೊಂದು ಚೌಕಾಶಿ. ರೇಟು ಕುದುರಿದ ಕೂಡಲೇ ನನ್ನ ಚೀಲ ಬಿಚ್ಚಿ ರಾಶಿಗೆ ಸುರಿಯುತ್ತಾರೆ. ಆ ರಾಶಿಯಲ್ಲಿ ನಲವತ್ತು ಐವತ್ತು ಜನರ ಕಾಫಿ ಇರುತ್ತೆ. ಆ ಕ್ಷಣದಿಂದ ನನ್ನ ಬೀಜ ಯಾವುದು ಅಂತ ನನಗೂ ಗೊತ್ತಿಲ್ಲ. ನಿಮ್ಮ ಕಾನೂನಿಗೆ ಬೇಕಾದ ಹಾಗೆ ಪ್ರತಿ ಬೀಜದ ತೋಟ ಗೊತ್ತಿರಬೇಕು ಅಂದರೆ ಆ ರಾಶಿಯಲ್ಲಿರೋ ಎಲ್ಲರ ಬಿಂದುವೂ ಸರಿ ಇರಬೇಕು, ಒಬ್ಬನದ್ದು ಕೈಕೊಟ್ಟರೂ ಇಡೀ ರಾಶಿಗೆ ಅನುಮಾನ. ಹಾಗಾಗಿ ವ್ಯಾಪಾರಿ ಏನು ಮಾಡ್ತಾನೆ? ಕಾಗದ ಪಕ್ಕಾ ಇರೋ ದೊಡ್ಡ ಎಸ್ಟೇಟ್‌ನವರ ಮಾಲನ್ನು ಒಂದು ಕಡೆ ಇಡ್ತಾನೆ. ನಮ್ಮ ಹತ್ತಿರ "ನಿಮ್ಮದು ಬೇರೆ ಕಡೆ ಕಳಿಸಬೇಕು ಗೌಡ್ರೇ, ರೇಟು ಸ್ವಲ್ಪ ಕಡಿಮೆ" ಅಂತಾನೆ. ಆ "ಸ್ವಲ್ಪ" ಯಾವ ನಿಮ್ಮ ವರದಿಯಲ್ಲೂ ಬರಲ್ಲ. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟು ಜನ ಸಣ್ಣವರೇ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಹೊರಗೆ ಹೋಗೋದರಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿ, ಬೆಲ್ಜಿಯಂಗೆ. ನಿಮ್ಮವರು ಕುಡಿಯೋ ಎಸ್‌ಪ್ರೆಸೊ ಮೇಲಿನ ನೊರೆಗೆ ನಮ್ಮ ರೊಬಸ್ಟಾ ಬೇಕೇ ಬೇಕು ಅಂತ ಇಟಲಿಯವರೇ ಹೇಳ್ತಾರೆ.

ಈಗ ಎರಡು ಮೂರು ವರ್ಷದಿಂದ ಕಾಫಿಗೆ ಬೆಲೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. 2025ರ ಫೆಬ್ರುವರಿಯಲ್ಲಿ ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಹಾಗಾಗಿ ಈ ಹೊರೆ ಸದ್ಯಕ್ಕೆ ಮೈಗೆ ಹತ್ತುತ್ತಿಲ್ಲ. ಆದರೆ ನಾವು 2001, 2002 ನೋಡಿದವರು. ಆಗ ಪೌಂಡಿಗೆ 50 ಸೆಂಟೂ ಇರಲಿಲ್ಲ. ಕೊಯ್ಲಿನ ಕೂಲಿ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು, ತೋಟ ಮಾರಿ ಪೇಟೆ ಸೇರಿದವರಿದ್ದರು. ಅಂಥ ವರ್ಷ ಮತ್ತೆ ಬಂದಾಗ ನಕ್ಷೆ ಮಾಡಿಸೋ ಖರ್ಚನ್ನು ಯಾರು ಕೊಡ್ತಾರೆ?

ಅಷ್ಟು ಬೆಲೆ ಬಿದ್ದದ್ದು ಯಾಕೆ ಅಂತ ಕೇಳಿದರೆ ನಮ್ಮೂರ ಹಿರಿಯರು ಇವತ್ತಿಗೂ 1989ರ ಮಾತೆತ್ತುತ್ತಾರೆ. 1962ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಆಗಿತ್ತು. ಬೆಳೆಯೋ ದೇಶಗಳೂ ಕೊಳ್ಳೋ ದೇಶಗಳೂ ಒಂದೇ ಮೇಜಿನ ಸುತ್ತ ಕೂತು, ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಕಟ್ಟಿಕೊಂಡು, ಬೆಲೆ ಪಾತಾಳಕ್ಕೆ ಬೀಳದ ಹಾಗೆ ನೋಡಿಕೊಂಡರು. ಅದೇನು ರಾಮರಾಜ್ಯ ಅಲ್ಲ. ಕೋಟಾದಲ್ಲಿ ದೊಡ್ಡವರದ್ದೇ ಮೇಲುಗೈ. ಅಮೆರಿಕ ಸೇರಿದ್ದು ನಮ್ಮ ಮೇಲಿನ ಪ್ರೀತಿಗಲ್ಲ, ಲ್ಯಾಟಿನ್ ಅಮೆರಿಕದ ಬಡವರು ಕಮ್ಯುನಿಸ್ಟರಾಗಿಬಿಡ್ತಾರೆ ಅನ್ನೋ ಭಯಕ್ಕೆ. ಇತ್ತ ನಮ್ಮಲ್ಲಿ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಮಾರೋ ಸಂಗ್ರಹಕ್ಕೆ, ಕೊಟ್ಟು ಕಂತು ಕಂತಾಗಿ ಬರೋ ದುಡ್ಡಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಬೋರ್ಡನ್ನು ಬೈದುಕೊಳ್ಳದ ಬೆಳೆಗಾರ ಇರಲಿಲ್ಲ. ಆದರೂ ಆ ಒಪ್ಪಂದದಲ್ಲಿ ಒಂದು ಗುಣ ಇತ್ತು: ಕೊಳ್ಳುವವನೂ ತನ್ನ ಕೈ ಕಟ್ಟಿಕೊಂಡಿದ್ದ. ಕೋಟಾ ಮೀರಿ ಅಗ್ಗಕ್ಕೆ ಸಿಕ್ಕರೂ ತಗೊಳ್ಳಲ್ಲ ಅಂತ ಮಾತು ಕೊಟ್ಟಿದ್ದ. 1989ರ ಜುಲೈನಲ್ಲಿ ಅದು ಮುರಿದು ಬಿತ್ತು. ಲಂಡನ್ನಿನ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ ಇವತ್ತೂ ಇದೆ, ಯುರೋಪಿಯನ್ ಒಕ್ಕೂಟ ಅದರ ಸದಸ್ಯ, ಭಾರತವೂ ಸದಸ್ಯ. ಮಾತಾಡೋಕೆ ಜಾಗ ಇಲ್ಲದೆ ಏನಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆಯ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನ ಅರಮನೆಯಲ್ಲಿ ನಡೆಯಿತು, ಏಷ್ಯಾದಲ್ಲೇ ಮೊದಲ ಸಲ. ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅದರ ರಾಯಭಾರಿ, ವೇದಿಕೆ ತುಂಬ ಸುಸ್ಥಿರತೆಯ ಮಾತು. ಆ ಹೊತ್ತಿಗೆ ನಿಮ್ಮ ಕಾನೂನು ಬಂದು ಮೂರು ತಿಂಗಳಾಗಿತ್ತು. ಅದೇ ತಿಂಗಳು ಇಂಡೊನೇಷ್ಯಾ, ಬ್ರೆಜಿಲ್, ಘಾನಾ ಸೇರಿ 17 ದೇಶಗಳು ನಿಮಗೆ ಪತ್ರ ಬರೆದವು, ಸಣ್ಣ ರೈತರ ಕಷ್ಟ ನೋಡಿ ಅಂತ. ಮೊದಲು ಕಾನೂನು, ಆಮೇಲೆ ಪತ್ರ, ಆಮೇಲೆ ಸಭೆ. ಕ್ರಮ ಉಲ್ಟಾ ಆಗಿದೆ ಅಲ್ವಾ? 1992ರಲ್ಲಿ ರಿಯೊದ ವಿಶ್ವಸಂಸ್ಥೆ ಪರಿಸರ ಸಮ್ಮೇಳನದಲ್ಲಿ ಎಲ್ಲರೂ ಒಪ್ಪಿದ ಘೋಷಣೆಯ 12ನೇ ತತ್ವ ತೆಗೆದು ನೋಡಿ. ಆಮದು ಮಾಡಿಕೊಳ್ಳೋ ದೇಶ ತನ್ನ ಗಡಿಯಾಚೆಯ ಪರಿಸರ ಸರಿಮಾಡೋಕೆ ಒಬ್ಬಂಟಿಯಾಗಿ ಕ್ರಮ ತಗೊಳ್ಳೋದನ್ನು ಬಿಡಬೇಕು, ಆದಷ್ಟು ಎಲ್ಲರ ಒಮ್ಮತದಿಂದ ಮಾಡಬೇಕು ಅನ್ನೋದು ಅದರ ಸಾರ. ಅದಕ್ಕೆ ನಿಮ್ಮ ದೇಶಗಳೂ ಒಪ್ಪಿವೆ.

ಒಮ್ಮತ ಕಾಯುತ್ತಾ ಕೂತರೆ ಕಾಡೆಲ್ಲ ಮುಗಿದುಹೋಗುತ್ತೆ ಅಂತ ನೀವು ಹೇಳಬಹುದು. ಆ ಮಾತಲ್ಲಿ ಸತ್ಯ ಇದೆ, ನಾನು ತಳ್ಳಿಹಾಕಲ್ಲ. ಆದರೆ ಒಬ್ಬರೇ ಹೊರಟರೆ ಏನಾಗುತ್ತೆ ಅನ್ನೋದನ್ನೂ ನೋಡಿ. ಬ್ರೆಜಿಲ್ಲಿನ ಸೋಯಾದಲ್ಲಿ ಬಹುಪಾಲು ಹೋಗೋದು ಚೀನಾಕ್ಕೆ. ಕಾಡು ಕಡಿಯದ ಹೊಲದ ಸೋಯಾ ನಿಮ್ಮ ಹಡಗಿಗೆ, ಕಡಿದ ಹೊಲದ್ದು ಇನ್ನೊಂದು ಹಡಗಿಗೆ. ನಿಮ್ಮ ಲೆಕ್ಕದ ಪುಸ್ತಕ ಶುದ್ಧ, ಕಾಡು ಮಾತ್ರ ಹೋಗ್ತಾನೇ ಇರುತ್ತೆ. ಇದನ್ನು ತಡೆಯಬೇಕಾದರೆ ಚೀನಾ, ಅಮೆರಿಕ, ನಮ್ಮ ಭಾರತ ಎಲ್ಲರೂ ಮೇಜಿಗೆ ಬರಬೇಕು. ತಾಳೆ ಎಣ್ಣೆ ಅತಿ ಹೆಚ್ಚು ತರಿಸೋ ದೇಶ ನಮ್ಮದೇ, ಮರೆಯಬೇಡಿ. ಇಂಡೊನೇಷ್ಯಾದ ಕಾಡಿನ ಋಣ ನಮ್ಮ ಬೋಂಡಾದ ಬಾಣಲೆಯಲ್ಲೂ ಇದೆ.

ಇನ್ನು ನಮ್ಮವರ ಬಗ್ಗೆ. ನಾವೇನು ಮರಗಳ ಋಷಿಗಳಲ್ಲ. ಹಳೇ ಕಾಡುಮರ ತೆಗೆದು ಬೇಗ ಬೆಳೆದು ಬೇಗ ದುಡ್ಡಾಗುತ್ತೆ ಅಂತ ಸಿಲ್ವರ್ ಓಕ್ ನೆಟ್ಟ ತೋಟಗಳು ಎಷ್ಟು ಬೇಕು? ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಬಂದ ಮೇಲೆ ನೆರಳು ತೆಳ್ಳಗಾಗುತ್ತಾ ಬಂದಿದೆ. ಈಗ ಬೆಲೆ ಏರಿದ್ದರಿಂದ ಇನ್ನೂ ಬಿಸಿಲು ಬಿಡಿಸೋ ಆಸೆ ಜಾಸ್ತಿ. ಹೋಂಸ್ಟೇ, ರೆಸಾರ್ಟ್ ಅಂತ ಗುಡ್ಡ ಬಗೆದವರಿಗೆ ನಿಮ್ಮ ಕಾನೂನು ಮುಟ್ಟಲ್ಲ, ಯಾಕಂದರೆ ಅವರು ಯುರೋಪಿಗೆ ಏನೂ ಕಳಿಸಲ್ಲ. ಕಾಫಿ ಬೋರ್ಡ್ ಆ್ಯಪ್ ತಂದು ನೋಂದಣಿ ಮಾಡಿಸಿಕೊಳ್ಳಿ ಅಂತಿದೆ, ಅದು ಒಳ್ಳೆ ಕೆಲಸ. ಬೆಳೆಗಾರರ ಸಂಘಗಳು ಅದನ್ನು ಮನೆ ಮನೆಗೆ ತಲುಪಿಸಬೇಕು, ರಾಜ್ಯ ಸರ್ಕಾರ ಪೌತಿ ಖಾತೆ ಪೋಡಿ ಅದಾಲತ್‌ಗಳನ್ನು ಕಾಫಿ ತಾಲೂಕುಗಳಲ್ಲಿ ಬಿಡದೆ ನಡೆಸಬೇಕು. ಬೈಯೋದಾದರೆ ಇವರನ್ನೂ ಬೈಯಬೇಕು. ಇವತ್ತು ಸರದಿ ನಿಮ್ಮದು.

ನಿಮ್ಮಿಂದ ನಮಗೆ ಬೇಕಾಗಿರೋದು ದೊಡ್ಡದೇನಲ್ಲ. ನಿಮ್ಮ ಕಾನೂನಿನ 30ನೇ ಕಲಮಿನಲ್ಲೇ ಬೆಳೆಯೋ ದೇಶಗಳ ಜೊತೆ ಸೇರಿ ಕೆಲಸ ಮಾಡ್ತೇವೆ, ಸಣ್ಣ ರೈತರ ಅಗತ್ಯ ನೋಡ್ತೇವೆ ಅಂತ ಬರೆದಿದ್ದೀರಿ. ಅದನ್ನೇ ಮಾಡಿ. ಕಡಿಮೆ ಅಪಾಯದ ದೇಶದ ಸಣ್ಣ ರೈತನಿಗೆ ಕೊಟ್ಟ ರಿಯಾಯಿತಿ ಅವನು ನೇರವಾಗಿ ಮಾರಿದರೂ, ಹಳ್ಳಿಯ ವ್ಯಾಪಾರಿ ಮೂಲಕ ಮಾರಿದರೂ ಸಿಗುವ ಹಾಗೆ ತಿದ್ದಿ. 4 ಹೆಕ್ಟೇರ್ ಒಳಗಿನವರದ್ದು ಊರು ಮತ್ತು ಸರ್ವೆ ನಂಬರ್ ಇದ್ದರೆ ಸಾಕು ಅನ್ನಿ, ಬೇಕಾದರೆ ಬಂದು ನೋಡೋ ಅಧಿಕಾರ ಇಟ್ಟುಕೊಳ್ಳಿ. ನಕ್ಷೆಯಲ್ಲಿ ಕಾಡು ಅಂತ ಬಂದ ನೆರಳಿನ ತೋಟಕ್ಕೆ, ಅದು 2020ಕ್ಕೂ ಮುಂಚೆ ಕಾಫಿ ತೋಟವೇ ಆಗಿತ್ತು ಅಂತ ಪಹಣಿಯ ಬೆಳೆ ಕಾಲಂನಲ್ಲೋ ಕಾಫಿ ಬೋರ್ಡಿನ ದಾಖಲೆಯಲ್ಲೋ ಇದ್ದರೆ ಅದನ್ನೇ ಕೊನೆಯ ಮಾತು ಅಂತ ಒಪ್ಪಿಕೊಳ್ಳಿ. ಆಮದುದಾರರು ಮರುಪ್ರಶ್ನೆ ಕೇಳದ ಹಾಗೆ ಲಿಖಿತವಾಗಿ ಹೇಳಿ, ಬಾಯಿ ಮಾತಲ್ಲಿ ಅಲ್ಲ. ನನ್ನ ತೋಟದ ಬಿಂದು ಎಷ್ಟು ಕಂಪನಿಗಳ ಕೈಗೆ ಹೋಗುತ್ತೆ, ಅದನ್ನು ಅವರು ಬೇರೆ ಯಾವುದಕ್ಕೆ ಬಳಸಬಹುದು, ಬೇಡ ಅಂದರೆ ಅಳಿಸ್ತಾರಾ ಅನ್ನೋದಕ್ಕೆ ಉತ್ತರ ಕೊಡಿ. ನಿಮ್ಮ ನಾಗರಿಕರ ಖಾಸಗಿ ಮಾಹಿತಿಗೆ ಅಷ್ಟು ಬಿಗಿ ಕಾನೂನು ಮಾಡಿದವರು ನೀವು.

ಖರ್ಚಿನ ವಿಷಯದಲ್ಲಂತೂ ನಾನು ಬಿಡಲ್ಲ. ಈ ತಪಾಸಣೆಗೆ ಒಂದು ಕೆಜಿ ಕಾಫಿ ಮೇಲೆ ಎಷ್ಟು ಬೀಳುತ್ತೆ ಅಂತ ಆಮದುದಾರರಿಂದ ಬಹಿರಂಗ ಲೆಕ್ಕ ಕೇಳಿ. ಅದು ಯುರೋಪಿನ ಅಂಗಡಿಯ ಬೆಲೆಯಲ್ಲಿ ಸೇರಲಿ, ನನ್ನ ರೇಟಿನಿಂದ ಕಡಿತ ಆಗಬಾರದು. ಶುದ್ಧ ಕಾಫಿ ಕುಡಿಯಬೇಕು ಅಂತ ಆಸೆ ಪಟ್ಟವರು ಆಸೆಯ ಬೆಲೆಯನ್ನೂ ಕೊಡಲಿ. ಮರ ಉಳಿಸಿಕೊಂಡ ತೋಟದ ಕಾಫಿಗೆ ಚೀಲಕ್ಕಿಷ್ಟು ಅಂತ ಜಾಸ್ತಿ ಕೊಡೋ ಹಾಗೆ ನಿಮ್ಮ ದೊಡ್ಡ ಕಂಪನಿಗಳನ್ನು ಕೂರಿಸಿ ಮಾತಾಡಿ. ಆಗ ನೋಡಿ, ಸಿಲ್ವರ್ ಓಕ್ ನೆಡೋಕೆ ಹೊರಟವನು ಹಲಸಿನ ಸಸಿ ಹುಡುಕಿಕೊಂಡು ಹೋಗ್ತಾನೆ.

ಮುಂದಿನ ಗಡುವಿಗೆ ಇನ್ನೂ ಸಮಯ ಇದೆ. ಕಾನೂನಿಗೆ ಮತ್ತೆ ಕೈ ಹಾಕೋ ಮುಂಚೆ ಲಂಡನ್ನಿನ ಕಾಫಿ ಸಂಸ್ಥೆಯಲ್ಲಿ ಒಂದು ಸಭೆ ಕರೆಯಿರಿ. ರಫ್ತುದಾರರನ್ನು, ಮಂತ್ರಿಗಳನ್ನು ಕರೆದ ಹಾಗೆ ಹತ್ತು ಎಕರೆ ಒಳಗಿನ ಬೆಳೆಗಾರರನ್ನೂ ಕರೆಯಿರಿ, ಹಾಸನದಿಂದ, ಇಥಿಯೋಪಿಯಾದಿಂದ, ಹೊಂಡುರಾಸ್‌ನಿಂದ. ಸಭೆಯನ್ನು ಜನವರಿಯಿಂದ ಮಾರ್ಚ್ ಒಳಗೆ ಇಡಬೇಡಿ ಮೇಡಂ, ಆಗ ನಮಗೆ ರೊಬಸ್ಟಾ ಕೊಯ್ಲು.

ಇಂತಿ,
ಮಲೆನಾಡಿನ ಒಬ್ಬ ಸಣ್ಣ ಕಾಫಿ ಬೆಳೆಗಾರ